ಒಡೆಯುವ ಮೊದಲೇ ಒಡೆದ ಗೋಡೆ

ಸಿನಿಮಾದಲ್ಲಿ ಫಿರಂಗಿ ಗುಂಡು ಬಡಿದು ಗೋಡೆ ಪುಡಿಯಾಗುತ್ತದೆ. ಅದು ಕಂಪ್ಯೂಟರಿನ ಗೋಡೆಯಾದರೆ, ಸಾಮಾನ್ಯವಾಗಿ ಪೆಟ್ಟು ಬೀಳುವ ಮೊದಲೇ ಒಡೆದಿರುತ್ತದೆ!

ಹೇಗೆ? ಗೋಡೆಯೊಳಗೆ ಅಲ್ಲಲ್ಲಿ ಚುಕ್ಕೆಗಳನ್ನು ಚೆಲ್ಲುತ್ತಾರೆ. ಯಾವ ಜಾಗಕ್ಕೆ ಯಾವ ಚುಕ್ಕೆ ಹತ್ತಿರವೋ ಆ ಜಾಗ ಅದರ ಪಾಲು. ಹೀಗೆ ಹಂಚಿದಾಗ ಗೋಡೆ ಚೂರುಚೂರಾಗುತ್ತದೆ. 1908ರಲ್ಲಿ ಇದರ ಗಣಿತವನ್ನು ವಿವರಿಸಿದ ಜಾರ್ಜಿ ವೊರೊನೊಯ್ ಅವರ ಹೆಸರೇ ಈ ವಿಧಾನಕ್ಕಿದೆ. ಚುಕ್ಕೆ ದಟ್ಟವಾಗಿದ್ದಲ್ಲಿ ನುಚ್ಚು, ವಿರಳವಾಗಿದ್ದಲ್ಲಿ ದೊಡ್ಡ ತುಂಡು.

ಬಳಿಕ ಚೂರುಗಳ ನಡುವೆ ಲೆಕ್ಕದ 'ಅಂಟು' ಹಾಕುತ್ತಾರೆ. ಪೆಟ್ಟು ಅಂಟಿನ ಮಿತಿ ಮೀರಿದರೆ ಚೂರುಗಳು ಬಿಡಿಯಾಗುತ್ತವೆ. ಆಮೇಲೆ ನ್ಯೂಟನ್ನನ ನಿಯಮಗಳದೇ ಆಳ್ವಿಕೆ. ಸಿನಿಮಾದ ಒಂದು ಸೆಕೆಂಡಿಗೆ 24 ಚಿತ್ರ. ಪ್ರತಿ ಚಿತ್ರಕ್ಕೂ ಪ್ರತಿ ಚೂರಿನ ಜಾಗ, ವೇಗ, ಡಿಕ್ಕಿಯ ಲೆಕ್ಕ ಆಗಬೇಕು. ಅಂಟು ಹೆಚ್ಚಾದರೆ ಗೋಡೆ ಕದಲದು. ಕಡಿಮೆಯಾದರೆ ಗುಂಡು ತಾಗುವ ಮೊದಲೇ ತನ್ನ ಭಾರಕ್ಕೇ ಕುಸಿದೀತು.

'ಬ್ಲೆಂಡರ್' ಎಂಬ ಉಚಿತ ತಂತ್ರಾಂಶದಲ್ಲಿ ವಿದ್ಯಾರ್ಥಿಗಳೂ ಇದನ್ನು ಮಾಡಿ ನೋಡಬಹುದು. ಮಕ್ಕಳು ಗೋಡೆ ಕೆಡವುತ್ತ ಕುಳಿತರೆ ಪಾಲಕರು ಗದರುವ ಮುನ್ನ 'ಹೀಗೇಕೆ ಬಿತ್ತು?' ಎಂದು ಕೇಳಲಿ. ಉತ್ತರಕ್ಕಾಗಿ ಭೌತಶಾಸ್ತ್ರದ ಪುಸ್ತಕ ತಾನಾಗಿಯೇ ತೆರೆದುಕೊಳ್ಳುತ್ತದೆ.