ಪಚ್ಚಕರ್ಪೂರದ ಮಿತಿ

ನಮ್ಮ ಮನೆಗಳಲ್ಲಿ ಕರ್ಪೂರಕ್ಕಿರುವ ಮಾನವು ಬೇರೆ ಸುಗಂಧದ್ರವ್ಯಗಳಿಗೆ ವಿರಳ. ದೇವರ ಮುಂದೆ ಉರಿಯುವದು ಅದೇ, ತೀರ್ಥಕ್ಕೆ ಕಂಪನ್ನು ಕೊಡುವದು ಅದೇ, ಹಬ್ಬದ ಪಾಯಸಕ್ಕೂ ಲಾಡುವಿಗೂ ವಿಶೇಷತೆಯನ್ನು ತರುವದು ಅದೇ, ನೆಗಡಿಯಾದ ಕೂಸಿನ ಎದೆಗೆ ತಿಕ್ಕುವದೂ ಅದೇ. ಒಂದೇ ವಸ್ತುವು ಇಷ್ಟು ಕಡೆಗಳಲ್ಲಿ ಬಳಕೆಯಾಗುವದರಿಂದ ಅದರ ವಿಷಯದಲ್ಲಿ ನಮಗೆ ಸಲಿಗೆಯು ಹೆಚ್ಚಿ ಎಚ್ಚರವು ಕಡಿಮೆಯಾಗಿದೆ. ಕರ್ಪೂರವು ಕಾಳಿನಷ್ಟಿದ್ದರೆ ಕಂಪು, ಚಿಟಿಕೆಯಷ್ಟಾದರೆ ಚಿಕ್ಕ ಮಕ್ಕಳಿಗೆ ವಿಷ. ಈ ಮಾತನ್ನು ಈ ತಿಂಗಳು ನಮ್ಮ ಗೃಹಿಣಿಯರ ಮುಂದೆ ಇಡಬೇಕೆಂದು ನಾವು ಬಯಸಿದ್ದೇವೆ.

ಮೊದಲು ವಸ್ತುವಿನ ಪರಿಚಯವಾಗಲಿ. ಅಮರಕೋಶದಲ್ಲಿ ಇದಕ್ಕೆ ಘನಸಾರವೆಂಬ ಹೆಸರುಂಟು. ಹಿಮವಾಲುಕಾ, ಎಂದರೆ ಹಿಮದ ಮರಳು, ಎಂಬ ಹೆಸರೂ ಉಂಟು. ಭಾವಪ್ರಕಾಶವು ಕರ್ಪೂರವನ್ನು ಪಕ್ವ ಅಪಕ್ವಗಳೆಂದು ಎರಡಾಗಿ ವಿಂಗಡಿಸಿ, ಅಪಕ್ವವೇ ಹೆಚ್ಚು ಗುಣವುಳ್ಳದ್ದೆಂದು ಎಣಿಸಿದೆ. ನಮ್ಮ ಪಚ್ಚಕರ್ಪೂರದ 'ಪಚ್ಚ' ಎಂಬದಕ್ಕೂ ಹಸಿಯದು ಎಂಬದೇ ಅರ್ಥವು. ಬೋರ್ನಿಯೋ ಸುಮಾತ್ರಾ ದ್ವೀಪಗಳ ಒಂದು ಹೆಮ್ಮರದ ಸೀಳುಗಳಲ್ಲಿ ತಾನಾಗಿ ಹರಳುಗಟ್ಟಿ ದೊರೆಯುವದು ಈ ಜಾತಿಯದು. ಚೀನ, ಜಪಾನ, ತೈವಾನಗಳಲ್ಲಿ ಬೆಳೆಯುವ ಕರ್ಪೂರವೃಕ್ಷವು ಬೇರೆ. ಅದು ನಮ್ಮ ದಾಲಚಿನ್ನಿಯ ಕುಲಕ್ಕೆ ಸೇರಿದ್ದು. ಅದರ ಕಟ್ಟಿಗೆಯ ಚೂರುಗಳನ್ನು ಆವಿಯಲ್ಲಿ ಬೇಯಿಸಿ ಕರ್ಪೂರವನ್ನು ತೆಗೆಯುವರು. ಮೂರನೆಯದು ಕಾರಖಾನೆಯ ಕರ್ಪೂರವು. ಫಿನ್ಲಂಡ ದೇಶದ ಗುಸ್ತಾಫ್ ಕೊಂಪ್ಪಾ ಎಂಬ ರಸಾಯನಪಂಡಿತನು 1903ರಲ್ಲಿ ಕರ್ಪೂರವನ್ನು ಕೃತಕವಾಗಿ ರಚಿಸಿ ತೋರಿಸಿದನು. ಈಗ ಟರ್ಪೆಂಟೈನ್ ಎಣ್ಣೆಯಿಂದ ಇದನ್ನು ಹೇರಳವಾಗಿ ಮಾಡುವರು.

ಬೆಳಗಾವಿಯ ರವಿವಾರ ಪೇಟೆಗೆ ಕಿರಾಣಿ ಕೊಳ್ಳಲು ಬರುವ ನಮ್ಮ ಜನರು ಕನ್ನಡ ಮರಾಠಿಗಳೆರಡನ್ನೂ ಬಲ್ಲವರು. ಒಬ್ಬರು ಪಚ್ಚಕರ್ಪೂರವನ್ನು ಕೇಳಿದರೆ ಇನ್ನೊಬ್ಬರು ಖಾಯಚಾ ಕಾಪೂರವನ್ನು ಕೇಳುವರು, ಮತ್ತೊಬ್ಬರು ಭೀಮಸೇನಿ ಕಾಪೂರವನ್ನು ಕೇಳುವರು. ಈ ಭೀಮಸೇನಿ ಎಂಬ ಹೆಸರಿನಲ್ಲಿಯೇ ಗೊಂದಲವು ಅಡಗಿದೆ. ಹಿಂದೆ ಅದು ಬೋರ್ನಿಯೋ ಕರ್ಪೂರದ ಹೆಸರಾಗಿತ್ತು. ಇಂದು ಆರತಿಗೆಂದು ಮಾರುವ ಹರಳುಗಳ ಡಬ್ಬಿಗಳ ಮೇಲೂ ಅದೇ ಹೆಸರು ಕಾಣುವದು. ಖಾನಾಪುರದ ಕಡೆಯ ಸೋದರಿಯೊಬ್ಬರು ನಮ್ಮನ್ನು ಕೇಳಿದರು: "ಮಾಸ್ತರರ, ಡಬ್ಬಿ ಮ್ಯಾಲೆ ಶುದ್ಧ ಅಂತ ಬರದಾರ. ಶುದ್ಧ ಇದ್ದ ಮ್ಯಾಲೆ ತಿನ್ನಾಕ ಏನು ಅಡ್ಡಿರಿ?"

ಪ್ರಶ್ನೆಯು ಸಹಜವಾದದ್ದೇ. ಆದರೆ ಉರಿಯುವದಕ್ಕೆ ಶುದ್ಧವಾದದ್ದು ಉಣ್ಣುವದಕ್ಕೂ ಶುದ್ಧವೆಂದು ಆಗುವದಿಲ್ಲ. ಆರತಿಯ ಬಿಲ್ಲೆಯನ್ನು ಮಾಡುವವನು ಅದನ್ನು ಯಾರಾದರೂ ತಿನ್ನುವರೆಂದು ಎಣಿಸಿ ಮಾಡಿರುವದಿಲ್ಲ. ತಿನ್ನುವ ಪದಾರ್ಥವಾದರೆ 2006ರ ಆಹಾರಸುರಕ್ಷಾ ಕಾಯಿದೆಯ ಮೇರೆಗೆ ಕಟ್ಟಿನ ಮೇಲೆ 14 ಅಂಕಿಗಳ ಪರವಾನಿಗೆಯ ಸಂಖ್ಯೆಯಿರಬೇಕು. ಆದ್ದರಿಂದ ಹೆಸರನ್ನು ನಂಬದೆ, ಆಹಾರಕ್ಕೆ ಯೋಗ್ಯವೆಂಬ ಬರಹವನ್ನೂ ಈ ಸಂಖ್ಯೆಯನ್ನೂ ನೋಡಿ ಕೊಳ್ಳಬೇಕು. ಬಿಡಿಯಾಗಿ ಕಾಗದದಲ್ಲಿ ಕಟ್ಟಿಕೊಟ್ಟದ್ದನ್ನು ಅಡಿಗೆಗೆ ಬಳಸಬಾರದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕಲಬೆರಕೆಯ ಕರ್ಪೂರವು ಕೆಟ್ಟದ್ದು, ಶುದ್ಧವಾದದ್ದು ನಿರಪಾಯವು ಎಂಬ ತಿಳಿವಳಿಕೆಯು ಸರಿಯಲ್ಲ. ಕರ್ಪೂರವು ಸ್ವತಃ ಮಿದುಳನ್ನು ಕೆರಳಿಸುವ ದ್ರವ್ಯವು; ಪ್ರಮಾಣವು ಮೀರಿದರೆ ಸೆಳವನ್ನು ತರುವದು. ಯುರೋಪದ ಆಹಾರಸುರಕ್ಷಾ ಸಂಸ್ಥೆಯು 2008ರಲ್ಲಿ, ಆಹಾರದ ಮೂಲಕ ಒಂದು ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ಕರ್ಪೂರವು ಒಳಸೇರಕೂಡದೆಂದು ಹೇಳಿದೆ. ಪ್ರತಿ ಕಿಲೋಗ್ರಾಮಿಗೆ 30 ಮಿಲಿಗ್ರಾಮಿಗೆ ಮೀರಿ ನುಂಗಿದ್ದರೆ, ಲಕ್ಷಣಗಳು ಕಾಣದಿದ್ದರೂ ಆಸ್ಪತ್ರೆಗೆ ಒಯ್ಯಬೇಕೆಂಬದು ಅಮೇರಿಕದ ವಿಷಚಿಕಿತ್ಸಾ ತಜ್ಞರ ಸೂಚನೆಯು.

ಈ ಲೆಕ್ಕವನ್ನು ನಮ್ಮ ಹಿರಿಯರ ತೂಕದಲ್ಲಿ ಹೇಳಿದರೆ ಮನಸ್ಸಿಗೆ ಬೇಗ ಹತ್ತುವದು. ಒಂದು ಗುಂಜಿಯು ಸುಮಾರು 120 ಮಿಲಿಗ್ರಾಮು. ಎರಡು ವರ್ಷದ ಕೂಸು 12 ಕಿಲೋಗ್ರಾಮು ತೂಗುವದೆಂದು ಹಿಡಿದರೆ, ಅದಕ್ಕೆ ದಿನದ ಮಿತಿಯು 24 ಮಿಲಿಗ್ರಾಮು, ಅಂದರೆ ಗುಂಜಿಯ ಐದರಲ್ಲಿ ಒಂದು ಪಾಲು. ಆಸ್ಪತ್ರೆಗೆ ಓಡಿಸುವ ಪ್ರಮಾಣವು 360 ಮಿಲಿಗ್ರಾಮು, ಅಂದರೆ ಬರಿಯ ಮೂರು ಗುಂಜಿ. ಕಲ್ಲುಸಕ್ಕರೆಯೆಂದು ತಿಳಿದು ಕೂಸು ಬಾಯಿಗೆ ಹಾಕಿಕೊಳ್ಳುವ ಒಂದು ಹರಳು ಅಷ್ಟು ತೂಗಬಲ್ಲದು. ಅಂದಬಳಿಕ ಡಬ್ಬಿಯನ್ನು ಎಲ್ಲಿಡಬೇಕೆಂಬದನ್ನು ತಾಯಂದಿರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಅಡಿಗೆಯ ಮಾತು. ಹತ್ತು ಜನರ ಪಾಯಸಕ್ಕೆ ಒಂದು ಅಕ್ಕಿಕಾಳಿನಷ್ಟು ಪಚ್ಚಕರ್ಪೂರವು ಸಾಕು. ಹೆಚ್ಚಾದರೆ ಕಂಪು ಹೋಗಿ ಕಹಿಯು ಬರುವದು. ಕರ್ಪೂರವು ಮೇಣದಂತೆ ಅಂಟುವದರಿಂದ ಒಂಟಿಯಾಗಿ ಅರೆದರೆ ಪುಡಿಯಾಗದು. ಎರಡು ಚಮಚೆ ಸಕ್ಕರೆಯೊಡನೆ ಕಲ್ಬತ್ತಿನಲ್ಲಿ ನುಣ್ಣಗೆ ಅರೆದು ಬೆರೆಸಿದರೆ ಎಲ್ಲರ ಬಟ್ಟಲಿಗೂ ಸಮವಾಗಿ ಹಂಚಿಹೋಗುವದು. ಹಾಗೆ ಮಾಡದೆ ಹರಳನ್ನೇ ಹಾಕಿದರೆ ಇಡಿಯ ಹರಳು ಒಬ್ಬರ ಬಾಯಿಗೆ ಬರಬಹುದು. ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆಯೇ ಇದನ್ನು ಬೆರೆಸಬೇಕು. ಕುದಿಯುವಾಗ ಹಾಕಿದರೆ ಕಂಪೆಲ್ಲವೂ ಹಾರಿಹೋಗುವದು; ಅದರ ಆವಿಗೆ ಬೆಂಕಿಯು ಬೇಗ ತಗಲುವದಾದ್ದರಿಂದ ಡಬ್ಬಿಯನ್ನು ಉರಿಯ ಹತ್ತಿರ ತೆರೆಯಲೂಬಾರದು. ವರ್ಷ ತುಂಬದ ಕೂಸುಗಳಿಗೆ ಕರ್ಪೂರ ಬೆರೆತ ತಿನಿಸನ್ನು ಕೊಡದಿರುವದೇ ಲೇಸು.

ತೀರ್ಥದ ವಿಷಯದಲ್ಲಿಯೂ ಇದೇ ನ್ಯಾಯವು. ಒಂದು ಲೀಟರು ನೀರಿನಲ್ಲಿ ಕರಗುವ ಕರ್ಪೂರವು ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು; ಆದ್ದರಿಂದ ಒಂದು ಉದ್ಧರಣೆಯ ನೀರಿನಲ್ಲಿ ಕರಗಿರುವದು ಕೆಲವೇ ಮಿಲಿಗ್ರಾಮು. ಅದರಿಂದ ದೊಡ್ಡವರಿಗೆ ಭಯವಿಲ್ಲ. ಭಯವಿರುವದು ಕರಗದೆ ಮೇಲೆ ತೇಲುವ ಚೂರುಗಳಿಂದ. ಕರ್ಪೂರ ಹಾಕಿದ ನೀರನ್ನು ತೆಳುವಾದ ಬಟ್ಟೆಯಲ್ಲಿ ಸೋಸಿ ಕೊಡುವದರಿಂದ ಭಕ್ತಿಗೆ ಲೋಪವಿಲ್ಲ, ಮಕ್ಕಳಿಗೆ ಕ್ಷೇಮವುಂಟು.

ಕರ್ಪೂರವು ಚರ್ಮದ ಮೂಲಕವೂ ಉಸಿರಿನ ಮೂಲಕವೂ ಒಳಸೇರುವದು. ಎಳೆಯ ಕೂಸಿನ ಎದೆಗೆ ಕರ್ಪೂರದ ಎಣ್ಣೆಯನ್ನು ತಿಕ್ಕುವದು, ಮೂಗಿಗೆ ಹಚ್ಚುವದು, ಕೊರಳಿಗೆ ಗಂಟು ಕಟ್ಟುವದು, ಈ ರೂಢಿಗಳನ್ನು ಬಿಡಬೇಕು. ಅಮೇರಿಕದಲ್ಲಿ ಶೇಕಡಾ 20ರ ಕರ್ಪೂರತೈಲವನ್ನು ಹರಳೆಣ್ಣೆಯೆಂದು ತಪ್ಪಿ ತಿಳಿದು ಮಕ್ಕಳಿಗೆ ಕುಡಿಸಿದ ಪ್ರಸಂಗಗಳು ಅನೇಕವಾಗಿ, 1982ರಲ್ಲಿ ಅದರ ಮಾರಾಟವನ್ನೇ ಅಲ್ಲಿಯ ಸರಕಾರವು ನಿಲ್ಲಿಸಿತು. ಅಂಥ ಎಣ್ಣೆಯ ಒಂದು ಚಮಚೆಯಲ್ಲಿ ಒಂದು ಗ್ರಾಮು ಕರ್ಪೂರವಿರುವದು. 2009ರಲ್ಲಿಯೂ ನ್ಯೂಯಾರ್ಕ ನಗರದ ವೈದ್ಯರು, ಮನೆಯಲ್ಲಿದ್ದ ಕರ್ಪೂರದಿಂದ ಮೂವರು ಮಕ್ಕಳಿಗೆ ಸೆಳವು ಬಂದ ವೃತ್ತಾಂತವನ್ನು ಪ್ರಕಟಿಸಿದರು. ಅರಿವೆಯ ಪೆಟ್ಟಿಗೆಯಲ್ಲಿಡುವ ಡಾಂಬರ ಗುಳಿಗೆಯೂ ನೋಡಲು ಕರ್ಪೂರದಂತೆಯೇ ಬೆಳ್ಳಗಿರುವದು. ಅದರ ವಿಷವು ಬೇರೆ ಬಗೆಯದು. ಒಂದೆರಡು ದಿನಗಳ ಮೇಲೆ ರಕ್ತದ ಕೆಂಪು ಕಣಗಳನ್ನು ಒಡೆಯುವದು. ಇವೆರಡನ್ನೂ ಒಂದೇ ಕಪಾಟಿನಲ್ಲಿ ಇಡಬಾರದು.

ಇಷ್ಟೆಲ್ಲ ಎಚ್ಚರವಿದ್ದರೂ ಕೂಸು ಕರ್ಪೂರವನ್ನು ನುಂಗಿದರೆ ಏನು ಮಾಡತಕ್ಕದ್ದು? ಬಾಯಲ್ಲಿ ಉರಿ, ಓಕರಿಕೆ, ಚಡಪಡಿಕೆ, ಉಸಿರಿನಲ್ಲಿ ಕರ್ಪೂರದ ವಾಸನೆ, ಇವು ಲಕ್ಷಣಗಳು. ಒಮ್ಮೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ, ನುಂಗಿದ ಕೆಲವೇ ನಿಮಿಷಗಳಲ್ಲಿ ಸೆಳವು ಬರುವದು. ಆದ್ದರಿಂದ ಬೆರಳು ಹಾಕಿ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ವಾಂತಿಯ ನಡುವೆ ಸೆಳವು ಬಂದರೆ ಅದು ಶ್ವಾಸಕೋಶಕ್ಕೆ ಇಳಿಯುವದು. ಹಾಲು, ಎಣ್ಣೆ, ತುಪ್ಪಗಳನ್ನೂ ಕೊಡಬಾರದು. ಕರ್ಪೂರವು ಜಿಡ್ಡಿನಲ್ಲಿ ಕರಗುವ ವಸ್ತುವು. ಬಾಯಲ್ಲಿ ಕಾಣುವ ಚೂರುಗಳನ್ನು ಒರೆಸಿ ತೆಗೆಯಬೇಕು. ಸೆಳವು ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು; ಕೈಯಲ್ಲಿ ಕಬ್ಬಿಣ ಹಿಡಿಸುವದರಲ್ಲಿಯೂ ಉಳ್ಳಾಗಡ್ಡಿ ಮೂಸಿಸುವದರಲ್ಲಿಯೂ ಕಾಲವನ್ನು ಕಳೆಯಬಾರದು. ಕೂಡಲೆ 108ಕ್ಕೆ ಕರೆಮಾಡಿ, ನುಂಗಿದ ವಸ್ತುವಿನ ಡಬ್ಬಿಯನ್ನೂ ಸಂಗಡ ಒಯ್ಯಬೇಕು. ದಿಲ್ಲಿಯ ಏಮ್ಸ್ ಸಂಸ್ಥೆಯ ರಾಷ್ಟ್ರೀಯ ವಿಷಮಾಹಿತಿ ಕೇಂದ್ರವು 1800 116 117 ಎಂಬ ಸಂಖ್ಯೆಯ ಮೇಲೆ ಉಚಿತವಾಗಿ ಸಲಹೆಯನ್ನು ಕೊಡುವದು.

ಕರ್ಪೂರದ ವಿಷಕ್ಕೆ ಪ್ರತ್ಯೇಕವಾದ ಪ್ರತಿವಿಷವಿಲ್ಲ. ಸೆಳವನ್ನು ತಡೆಯುವ ಔಷಧವೂ ಉಸಿರಾಟದ ರಕ್ಷಣೆಯೂ ಆಸ್ಪತ್ರೆಯಲ್ಲಿಯೇ ದೊರೆಯತಕ್ಕವು. ಬೆಳಗಾವಿ ನಗರದವರಿಗೆ ಆಸ್ಪತ್ರೆಯು ಹತ್ತಿರ. ಖಾನಾಪುರದಲ್ಲಿ ತಾಲೂಕಿನ ಆಸ್ಪತ್ರೆಯುಂಟು. ಅಲ್ಲಿಂದ ಬೆಳಗಾವಿಗೆ ಸುಮಾರು 26 ಕಿಲೋಮೀಟರು. ಆದರೆ ಕಣಕುಂಬಿಯ ಸುತ್ತಿನ ಹಳ್ಳಿಗಳಿಗೂ, ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊತ್ತು ತರಬೇಕಾಗುವ ಭೀಮಗಡ ಅಡವಿಯ ಆಮಗಾಂವದಂಥ ಊರುಗಳಿಗೂ ಈ ದಾರಿಯು ನಿಮಿಷಗಳದ್ದಲ್ಲ, ತಾಸುಗಳದ್ದು. ಕರ್ಪೂರವಾದರೋ ತಾಸುಗಟ್ಟಲೆ ಕಾಯುವದಿಲ್ಲ. ಆಸ್ಪತ್ರೆಯು ದೂರವಿದ್ದಷ್ಟೂ ಡಬ್ಬಿಯ ಮುಚ್ಚಳವು ಬಿಗಿಯಾಗಿರಬೇಕು.

ಆದಕಾರಣ ತಿನ್ನುವ ಕರ್ಪೂರವನ್ನು ಅತ್ಯಲ್ಪವಾಗಿ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ, ದೊಡ್ಡ ಅಕ್ಷರಗಳಿಂದ ಹೆಸರನ್ನು ಬರೆದು, ಬೀಗವಿರುವ ಕಪಾಟಿನಲ್ಲಿ ಇಡಿರಿ. ಆರತಿಯ ಕರ್ಪೂರವು ಅಡಿಗೆಮನೆಗೆ ಬರದಿರಲಿ. ಪೂಜೆಯಾದೊಡನೆ ಅದನ್ನು ತಟ್ಟೆಯಲ್ಲಿ ಬಿಡದೆ ಎತ್ತಿಡಿರಿ. ದೇವರ ಮುಂದಿನ ತಟ್ಟೆಯು ಎಷ್ಟು ಕೆಳಗಿರುವದೆಂಬದನ್ನು ಅಂಬೆಗಾಲಿಡುವ ಕೂಸು ನಮಗಿಂತ ಚೆನ್ನಾಗಿ ಬಲ್ಲದು.