ಬಿಡುಗಡೆಗೆ ಕಾವಲು ನಿಂತವರು

ರೋಮನ್ ಜಗತ್ತಿನಲ್ಲಿ ಗುಲಾಮರಿಗೆ ಬಿಡುಗಡೆ ಸಿಕ್ಕಿದ್ದು ಒಡೆಯರ ಔದಾರ್ಯದಿಂದ ಎಂಬ ಮಾತಿಗೆ ಆಧಾರವಿಲ್ಲದೆ ಇಲ್ಲ. ಕ್ರಿ.ಪೂ. 63ರಲ್ಲಿ ಪಾಂಪೆ ಜೆರುಸಲೇಮನ್ನು ಹಿಡಿದ ಮೇಲೆ ಅಲ್ಲಿನ ಸೆರೆಯಾಳುಗಳನ್ನು ರೋಮಿಗೆ ತಂದರು. ಟೈಬರ್ ನದಿಯಾಚೆ ನೆಲೆಸಿದ್ದ ಯಹೂದಿಗಳಲ್ಲಿ ಹೆಚ್ಚಿನವರು ಸೆರೆಯಾಗಿ ಬಂದು ಒಡೆಯರಿಂದ ಬಿಡುಗಡೆ ಹೊಂದಿದವರೆಂದು ಅಲೆಕ್ಸಾಂಡ್ರಿಯಾದ ಫಿಲೋ ಬರೆದಿದ್ದಾನೆ. ಆದರೆ ಹಾಗೆ ಸಿಕ್ಕ ಬಿಡುಗಡೆ ಎಷ್ಟು ಗಟ್ಟಿ? ಕ್ರಿ.ಶ. 19ರಲ್ಲಿ ಟೈಬೀರಿಯಸ್‌ನ ಆಳ್ವಿಕೆ, ಯಹೂದಿ ಮತ್ತು ಈಜಿಪ್ಟಿನ ಆಚರಣೆಗಳನ್ನು ನಡೆಸುತ್ತಿದ್ದಾರೆಂಬ ಕಾರಣಕ್ಕೆ ವಿಮುಕ್ತ ವರ್ಗದ 4,000 ಮಂದಿಯನ್ನು ಕಳ್ಳಕಾಕರನ್ನು ಹತ್ತಿಕ್ಕಲು ಸಾರ್ಡಿನಿಯಾ ದ್ವೀಪಕ್ಕೆ ಅಟ್ಟಿತು. ಅಲ್ಲಿನ ಹವೆಗೆ ಅವರು ಸತ್ತರೂ ನಷ್ಟವಿಲ್ಲ ಎಂಬ ಲೆಕ್ಕಾಚಾರವನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಒಡೆಯ ಕೈಬಿಟ್ಟ ಮಾತ್ರಕ್ಕೆ ಯಾರೂ ಸುರಕ್ಷಿತರಾಗುತ್ತಿರಲಿಲ್ಲ. ಬಿಡುಗಡೆಯನ್ನು ಕಾಯುವವರೂ ಬೇಕಿತ್ತು. ಆ ಕೆಲಸವನ್ನು ಯಹೂದಿ ಸಮುದಾಯಗಳು ಮಾಡಿದ್ದಕ್ಕೆ ಕಲ್ಲಿನಲ್ಲೂ ಪಪೈರಸ್‌ನಲ್ಲೂ ಸಾಕ್ಷ್ಯವಿದೆ.

ಕಪ್ಪು ಸಮುದ್ರದ ತೀರದ ಪ್ಯಾಂಟಿಕಪೇಯಮ್‌ನಲ್ಲಿ ಸಿಕ್ಕ ಕ್ರಿ.ಶ. 81ರ ಶಾಸನವನ್ನೇ ನೋಡಿ. ಕ್ರೆಸ್ಟೆ ಎಂಬಾಕೆ ತನ್ನ ಮನೆಯಲ್ಲೇ ಬೆಳೆದ ಗುಲಾಮ ಹೆರಾಕ್ಲಾಸ್‌ನನ್ನು ಪ್ರಾರ್ಥನಾಮಂದಿರದಲ್ಲಿ ಬಿಡುಗಡೆ ಮಾಡುತ್ತಾಳೆ. ವಾರಸುದಾರರು ಒಪ್ಪಿದ್ದಾರೆ, ಮುಂದೆ ಅವರಾರೂ ಅವನನ್ನು ಪೀಡಿಸುವಂತಿಲ್ಲ, ಅವನು ಇಷ್ಟಬಂದ ಕಡೆ ಹೋಗಬಹುದು ಎಂದು ಶಾಸನ ಸಾರುತ್ತದೆ. ಕೊನೆಗೆ ಯಹೂದಿಗಳ ಸಭೆಯೂ ಇದರ ರಕ್ಷಣೆಯಲ್ಲಿ ಪಾಲುಗಾರ ಎಂದು ಸೇರಿಸುತ್ತದೆ. ಒಡತಿ ತೀರಿಕೊಂಡ ಮೇಲೂ ಪ್ರಶ್ನೆ ಕೇಳಲು ಒಂದು ಸಂಸ್ಥೆ ಇರುತ್ತದೆ ಎಂಬುದೇ ಇಲ್ಲಿನ ನಿಜವಾದ ಕೊಡುಗೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ 291ರಲ್ಲಿ ಸಮುದಾಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ನಲವತ್ತರ ಪ್ಯಾರಮೋನೆ ಮತ್ತು ಅವಳ ಮಕ್ಕಳ ಬಿಡುಗಡೆಗೆ 14 ಟ್ಯಾಲೆಂಟ್ ಬೆಳ್ಳಿಯನ್ನು ಯಹೂದಿಗಳ ಸಭೆಯೇ ತೆತ್ತಿತು. ತಾಯಿಯ ಜೊತೆ ಮಕ್ಕಳೂ ಹೊರಬಂದರು ಎಂಬುದು ನನಗೆ ಆ ಮೊತ್ತಕ್ಕಿಂತ ದೊಡ್ಡ ಸಂಗತಿ.

ಯಹೂದಿಗಳೂ ಗುಲಾಮರನ್ನು ಇಟ್ಟುಕೊಂಡಿದ್ದರಲ್ಲ ಎಂದು ಯಾರಾದರೂ ಕೇಳಬಹುದು. ಇಟ್ಟುಕೊಂಡಿದ್ದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಈ ಸಭೆಗಳು ಗುಲಾಮಗಿರಿಯನ್ನೇ ಅಳಿಸಲು ಹೊರಟಿದ್ದವೆಂದು ನಾನೂ ಹೇಳುತ್ತಿಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು: ಹೆರಾಕ್ಲಾಸ್ ಪ್ರಾರ್ಥನಾಮಂದಿರಕ್ಕೆ ನಿಷ್ಠನಾಗಿರಬೇಕೆಂಬ ಷರತ್ತು ಅದೇ ಶಾಸನದಲ್ಲಿದೆ, ಹಾಗಿದ್ದರೆ ಒಬ್ಬ ಒಡೆಯನ ಬದಲು ಇನ್ನೊಬ್ಬ ಬಂದಂತಾಗಲಿಲ್ಲವೆ? ಷರತ್ತು ಷರತ್ತೇ, ಅದರ ಭಾರವನ್ನು ಅಲ್ಲಗಳೆಯಲಾಗದು. ಆದರೆ ರೋಮಿನ ಪದ್ಧತಿಯಲ್ಲೂ ವಿಮುಕ್ತನು ಹಳೆಯ ಒಡೆಯನಿಗೆ ಗೌರವ ಮತ್ತು ಸೇವೆಯ ಋಣ ಹೊತ್ತೇ ಇರುತ್ತಿದ್ದ. ಹೆರಾಕ್ಲಾಸ್‌ನ ಋಣವಾದರೋ ಒಂದು ಮನೆತನಕ್ಕೆ ಸಲ್ಲುವುದಲ್ಲ, ಅವನ ಬಿಡುಗಡೆಯನ್ನು ಕಾಯಲು ಒಪ್ಪಿದ ಸಭೆಯ ಮಂದಿರಕ್ಕೆ ಸಲ್ಲುವುದು. ಅವನನ್ನು ಮಾರುವ ಹಕ್ಕು ಆ ಸಭೆಗೂ ಇರಲಿಲ್ಲ.