ಮರುಮಾತು ಕೇಳುವಷ್ಟು ಹೊತ್ತು

2007ರ ಜುಲೈ ತಿಂಗಳಲ್ಲಿ ದಕ್ಷಿಣ ಕೊರಿಯಾದ ಇಂಚಿಯಾನ್ ವಿಮಾನ ನಿಲ್ದಾಣದಲ್ಲಿ ತೆಗೆದ ಒಂದು ಫೋಟೋ ಇದೆ. ಸೋಲ್ ನಗರದ ಪಕ್ಕದ ಬುಂದಾಂಗ್‌ನ ಸೆಮ್ಮುಲ್ ಚರ್ಚಿನ ಯುವಕ ಯುವತಿಯರು ಒತ್ತೊತ್ತಾಗಿ ನಿಂತು ನಗುತ್ತಿದ್ದಾರೆ. ಕೆಲವರು ಎರಡು ಬೆರಳು ಎತ್ತಿ ತೋರಿಸುತ್ತಿದ್ದಾರೆ. ಅವರ ಪಕ್ಕದಲ್ಲೇ ಇರುವ ಫಲಕದಲ್ಲಿ, ಅಫ್ಘಾನಿಸ್ತಾನಕ್ಕೆ ಹೋಗಬೇಡಿ ಎಂದು ಕೊರಿಯಾ ಸರ್ಕಾರ ತನ್ನ ಪ್ರಜೆಗಳಿಗೆ ಕೊಟ್ಟ ಎಚ್ಚರಿಕೆ ಇದೆ. ಅವರು ಹೊರಟಿದ್ದು ಅಲ್ಲಿಗೇ. ಸುಮಾರು ಹತ್ತು ದಿನ ಇದ್ದು, ಸೇವೆ ಮಾಡಿ, ತಮ್ಮ ನಂಬಿಕೆಯ ಸಾಕ್ಷಿ ಹೇಳಿ ಮರಳುವ ಯೋಜನೆ.

ಜುಲೈ 19ರಂದು ಕಾಬೂಲ್ ಮತ್ತು ಕಂದಹಾರದ ನಡುವಿನ ಹೆದ್ದಾರಿಯಲ್ಲಿ ಹೋಗುತ್ತಿದ್ದ ಅವರ ಬಸ್ಸನ್ನು ಗಜ್ನಿ ಪ್ರಾಂತ್ಯದಲ್ಲಿ ತಾಲಿಬಾನಿಗಳು ತಡೆದರು. 16 ಹೆಂಗಸರು, 7 ಗಂಡಸರು, ಒಟ್ಟು 23 ಮಂದಿ ಒತ್ತೆಯಾಳುಗಳಾದರು. ತಂಡದ ಪಾಸ್ಟರನ್ನು ಅವರ ಹುಟ್ಟುಹಬ್ಬದ ದಿನವೇ ಗುಂಡಿಟ್ಟು ಕೊಂದರು. ಕೆಲವು ದಿನಗಳಲ್ಲಿ ಇನ್ನೊಬ್ಬ ಯುವಕನನ್ನೂ ಕೊಂದರು. ಉಳಿದ 21 ಮಂದಿ ಆಗಸ್ಟ್ ಮುಗಿಯುವ ಹೊತ್ತಿಗೆ ಬಿಡುಗಡೆಯಾದರು. ಆ ವರ್ಷದ ಕೊನೆಯೊಳಗೆ ತನ್ನ ಸೈನಿಕರನ್ನು ವಾಪಸು ಕರೆಸಿಕೊಳ್ಳುತ್ತೇನೆ, ಮಿಷನರಿಗಳು ಅಫ್ಘಾನಿಸ್ತಾನಕ್ಕೆ ಹೋಗದಂತೆ ತಡೆಯುತ್ತೇನೆ ಎಂದು ಕೊರಿಯಾ ಸರ್ಕಾರ ಮಾತು ಕೊಡಬೇಕಾಯಿತು. ಊರಿಗೆ ಮರಳಿದವರನ್ನು ಕಾದಿದ್ದು ಸ್ವಾಗತಕ್ಕಿಂತ ಹೆಚ್ಚಾಗಿ ಜನರ ಸಿಟ್ಟು.

ಕೊಂದವರ ಪಾಪ ಕೊಂದವರದು. ಅದನ್ನು ಸತ್ತವರ ತಲೆಗೆ ಕಟ್ಟುವುದು ಅನ್ಯಾಯ. ಸೆರೆಯಲ್ಲಿದ್ದ ಹೆಣ್ಣುಮಗಳೊಬ್ಬಳು ತನಗೆ ಬಂದ ಬಿಡುಗಡೆಯ ಅವಕಾಶವನ್ನು ಜೊತೆಯವಳಿಗೆ ಬಿಟ್ಟುಕೊಟ್ಟಳೆಂದು ಆಗ ವರದಿಯಾಗಿತ್ತು. ಅಂಥ ಮನಸ್ಸಿಗೆ ಯಾರಾದರೂ ತಲೆಬಾಗಬೇಕು. ನನ್ನ ಪ್ರಶ್ನೆ ಹುಟ್ಟುವುದೂ ಅಲ್ಲಿಂದಲೇ. ಇಷ್ಟು ಒಳ್ಳೆಯ ಮನಸ್ಸಿನವರನ್ನು ಭಾಷೆ ಬಾರದ, ಕರೆಯದ ನಾಡಿಗೆ ಹತ್ತು ದಿನಕ್ಕೆ ಕಳಿಸುವ ಪದ್ಧತಿ ಸರಿಯೇ?

ತಾನು ನಂಬಿದ್ದನ್ನು ಇನ್ನೊಬ್ಬರಿಗೆ ಹೇಳುವ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ನಮ್ಮ ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ ಹಕ್ಕಿನ ಜೊತೆಗೆ ಪ್ರಚಾರ ಮಾಡುವ ಹಕ್ಕನ್ನೂ ಕೊಟ್ಟಿದೆ, ಕೊಟ್ಟಿದ್ದು ಸರಿ. ಆದರೆ ಧರ್ಮದ ಮಾತು ಹವಾಮಾನದ ಸುದ್ದಿಯಲ್ಲ. ನೀನು ಈವರೆಗೆ ನಂಬಿದ್ದು ಸಾಲದು, ನಿನ್ನ ಅಪ್ಪ ಅಮ್ಮ ನಂಬಿದ್ದೂ ಸಾಲದು ಎಂಬ ಅರ್ಥ ಅದರೊಳಗಿರುತ್ತದೆ. ಒಬ್ಬರ ಬಾಳಿನ ಬುಡಕ್ಕೆ ಕೈಹಾಕುವಂಥ ಮಾತು ಹೇಳಿದವರು ಅವರ ಮರುಮಾತು ಕೇಳುವಷ್ಟು ಹೊತ್ತು ಅಲ್ಲಿ ಕೂರಬೇಕು. ಹಾಗೆ ಕೂರಲಾಗದವರು ಅಂಥ ಮಾತು ಹೇಳಲು ಹೋಗಬಾರದು. ಇದಿಷ್ಟೇ ನನ್ನ ವಾದ.

ಹೀಗೆ ಕೆಲವೇ ದಿನಕ್ಕೆ ಹೋಗಿಬರುವುದನ್ನು ಅಮೆರಿಕದ ಚರ್ಚುಗಳಲ್ಲಿ ಮಿಷನ್ ಟ್ರಿಪ್ ಎನ್ನುತ್ತಾರೆ. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೋ 2005ರ ಸಮೀಕ್ಷೆಯೊಂದರ ಆಧಾರದ ಮೇಲೆ ಹಾಕಿದ ಅಂದಾಜಿನಂತೆ, ಅಲ್ಲಿನ ಚರ್ಚುಗಳ ಸುಮಾರು 16 ಲಕ್ಷ ಸದಸ್ಯರು ಒಂದು ವರ್ಷದಲ್ಲಿ ಹೀಗೆ ಹೊರದೇಶಕ್ಕೆ ಹೋಗಿಬರುತ್ತಿದ್ದರು. ಅಲ್ಲಿ ಅವರು ಇರುತ್ತಿದ್ದುದು ಸರಾಸರಿ ಎಂಟು ದಿನ. ಹೊರಡುವ ಮುನ್ನ ಬಂಧುಮಿತ್ರರಿಗೆ ಪತ್ರ ಬರೆದು ಹಣ ಕೂಡಿಸುತ್ತಾರೆ. ಒಂದೇ ಬಣ್ಣದ ಟೀ ಶರ್ಟು ಹೊಲಿಸುತ್ತಾರೆ. ಮಾತಿಲ್ಲದ ಒಂದು ಕಿರುನಾಟಕ, ಕೈಸನ್ನೆಯ ಕೆಲವು ಹಾಡು, ಮಕ್ಕಳಿಗೆ ಬಲೂನು, ಬೊಂಬೆಯಾಟ, ಎಲ್ಲ ಸಿದ್ಧವಾಗುತ್ತದೆ. ಅಲ್ಲಿಗೆ ಹೋದಮೇಲೆ ಒಬ್ಬ ದುಭಾಷಿ ಪಕ್ಕದಲ್ಲಿ ನಿಲ್ಲುತ್ತಾನೆ. ಕೊನೆಗೆ, ಯೇಸುವನ್ನು ಸ್ವೀಕರಿಸುವವರು ಕೈ ಎತ್ತಿ ಎನ್ನುತ್ತಾರೆ. ಎದ್ದ ಕೈಗಳನ್ನು ಎಣಿಸುತ್ತಾರೆ. ಆ ಲೆಕ್ಕ ಊರಿನ ಸಭೆಗೆ ವರದಿಯಾಗಿ ಹೋಗುತ್ತದೆ.

ಆ ಎದ್ದ ಕೈಯನ್ನು ಹತ್ತಿರದಿಂದ ನೋಡೋಣ. ದೂರದಿಂದ ಬಂದ ಅತಿಥಿ, ಬೆವರು ಸುರಿಸಿ ಹಾಡಿದ್ದಾನೆ, ಮಕ್ಕಳಿಗೆ ಸಿಹಿ ಹಂಚಿದ್ದಾನೆ. ಅವನು ಏನೋ ಕೇಳುತ್ತಾನೆ, ಇಲ್ಲ ಎನ್ನುವುದು ಹೇಗೆ? ಬಡವರ ಊರುಗಳಲ್ಲಿ ಅತಿಥಿಯ ಮುಖ ಮುರಿಯುವುದು ದೊಡ್ಡ ತಪ್ಪು. ಕೈ ಏಳುತ್ತದೆ. ಅದು ನಂಬಿಕೆಯೋ, ಮರ್ಯಾದೆಯೋ, ನಾಳೆಯೂ ಏನಾದರೂ ಸಿಕ್ಕೀತೆಂಬ ಆಸೆಯೋ ತಿಳಿಯಬೇಕಾದರೆ ಆ ಮನುಷ್ಯನ ಜಗಲಿಯ ಮೇಲೆ ಕೂತು ಅವನ ಮಾತಿನಲ್ಲಿ ಮಾತಾಡಬೇಕು. ಒಂದು ವರ್ಷ ಕಳೆದು ಮತ್ತೆ ಕೇಳಬೇಕು. ಎಣಿಸಿದವರು ಅಷ್ಟು ಹೊತ್ತಿಗೆ ಎಂದೋ ಊರು ಸೇರಿರುತ್ತಾರೆ. ಬಂದ ಪುಟ್ಟ ಹೋದ ಪುಟ್ಟ ಎಂದು ನಮ್ಮಲ್ಲಿ ಹೇಳುವುದು ಇಂಥದ್ದಕ್ಕೇ.

ಭಾಷೆ ಬಾರದಿದ್ದರೆ ಏನಾಗುತ್ತದೆ ಎಂಬುದು ಬೈಬಲಿನಲ್ಲೇ ಇದೆ. ಅಪೊಸ್ತಲರ ಕೃತ್ಯಗಳ 14ನೇ ಅಧ್ಯಾಯದಲ್ಲಿ ಪೌಲ, ಬಾರ್ನಬ ಇಬ್ಬರೂ ಲುಸ್ತ್ರ ಎಂಬ ಊರಿಗೆ ಹೋಗಿ ಒಬ್ಬ ಕುಂಟನನ್ನು ನಡೆಯುವಂತೆ ಮಾಡುತ್ತಾರೆ. ಜನ ತಮ್ಮ ಲುಕವೋನ್ಯ ಭಾಷೆಯಲ್ಲಿ ಕೂಗಾಡುತ್ತಾರೆ. ದೇವತೆಗಳೇ ಮನುಷ್ಯರಾಗಿ ಇಳಿದು ಬಂದಿದ್ದಾರೆಂಬುದು ಆ ಕೂಗು. ಬಲಿಗೆ ಎತ್ತುಗಳೂ ಹೂಮಾಲೆಗಳೂ ಬಾಗಿಲಿಗೆ ಬಂದ ಮೇಲೆಯೇ ಆ ಇಬ್ಬರೂ ಬಟ್ಟೆ ಹರಿದುಕೊಂಡು ಬೇಡ ಬೇಡವೆಂದು ಓಡುತ್ತಾರೆ. ಇದೇ ಪೌಲ ಕೊರಿಂಥದಲ್ಲಿ ಒಂದೂವರೆ ವರ್ಷ ಇದ್ದ. ಅಲ್ಲಿ ಗುಡಾರ ಹೊಲಿದು ಅನ್ನ ದುಡಿದ. ಕೊರಿಂಥದವರಿಗೆ ಅವನು ಆಮೇಲೆ ಬರೆದ ಪತ್ರಗಳನ್ನು ಓದಿದರೆ ಅವರ ಪ್ರಶ್ನೆ, ಜಗಳ, ಆಕ್ಷೇಪಗಳೆಲ್ಲ ಕಿವಿಗೆ ಬೀಳುತ್ತವೆ. ಅಲ್ಲಿ ಮರುಮಾತಿದೆ.

ಹಣದ ಮಾತಿಗೆ ಬರೋಣ. 1998ರಲ್ಲಿ ಮಿಚ್ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿತು. ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡಗಳ ಮೇಲೆ ತಂಡ ಬಂದವು. ಹೊಂಡುರಾಸ್‌ನಲ್ಲೇ ಬಹುಕಾಲದಿಂದ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವರ್ ಬೀಕ್ ಇದನ್ನು ಅಧ್ಯಯನ ಮಾಡಿದರು. ಅವರು ಕ್ರೈಸ್ತ ಕಾಲೇಜೊಂದರ ಅಧ್ಯಾಪಕರು, ಚರ್ಚಿನ ವಿರೋಧಿಯಲ್ಲ. ಸ್ಥಳೀಯ ಕ್ರೈಸ್ತ ಸಂಸ್ಥೆ ಒಂದು ಮನೆಯನ್ನು ಸುಮಾರು 2,000 ಡಾಲರಿಗೆ ಕಟ್ಟುತ್ತಿತ್ತು. ಹೊರಗಿನಿಂದ ಬಂದ ಒಂದು ತಂಡ ಅಂಥ ಒಂದು ಮನೆಗೆ ವಿಮಾನದ ಖರ್ಚೂ ಸೇರಿ ಸುಮಾರು 30,000 ಡಾಲರ್ ಸುರಿಯುತ್ತಿತ್ತು. ಅಂದರೆ ಒಂದು ತಂಡದ ಖರ್ಚಿನಲ್ಲಿ ಹದಿನೈದು ಕುಟುಂಬಗಳಿಗೆ ಸೂರು. ಅಲ್ಲಿನವರನ್ನು ಕೇಳಿದಾಗ, ಬರುವ ಖರ್ಚಿನಲ್ಲಿ ಇನ್ನಷ್ಟು ಮನೆಗಳಾಗಬಹುದಿತ್ತು ಎಂಬ ಅಭಿಪ್ರಾಯವೇ ಬಂತು. ಹದಿನಾಲ್ಕು ಕುಟುಂಬಗಳು ಮಳೆಯಲ್ಲಿ ಉಳಿದಿದ್ದನ್ನು ಯಾವ ಸಾಕ್ಷಿಯ ಮಾತೂ ಮುಚ್ಚಲಾರದು.

ಕೆಲವೊಮ್ಮೆ ನಷ್ಟ ಹಣದ್ದಷ್ಟೇ ಆಗಿರುವುದಿಲ್ಲ. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಮೂರು ವಾರ ತುಂಬುವ ಮೊದಲೇ ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ಹತ್ತು ಮಂದಿ 33 ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟರು. ಬೇಕಾದ ಕಾಗದಪತ್ರ ಇರಲಿಲ್ಲ. ಗಡಿಯಲ್ಲಿ ಬಂಧನವಾಯಿತು. ಅನಾಥರನ್ನು ಕಾಪಾಡುತ್ತಿದ್ದೇವೆ ಎಂದು ಅವರು ಹೇಳಿದರು. ವಿಚಾರಿಸಿದರೆ ತಂದೆಯೋ ತಾಯಿಯೋ ಬದುಕಿದ್ದ ಮಕ್ಕಳೇ ಹೆಚ್ಚು. ಮಕ್ಕಳು ಓದಿ ಮುಂದೆ ಬರಲಿ ಎಂದು ನಂಬಿ ಒಪ್ಪಿಸಿದ ಹೆತ್ತವರು ಅಲ್ಲಿದ್ದರು. ಆ ಊರಿನಲ್ಲಿ ಒಂದು ವರ್ಷ ಇದ್ದವರು, ಆ ಮಕ್ಕಳ ಅಜ್ಜಿ ಯಾರು, ಸೋದರಮಾವ ಯಾರು ಎಂದು ಬಲ್ಲವರು ಈ ತಪ್ಪು ಮಾಡುತ್ತಿರಲಿಲ್ಲ. ಅವಸರದ ದಯೆಗೆ ಎದುರಿನವರ ಸಂಬಂಧಗಳು ಕಾಣುವುದಿಲ್ಲ, ಅವರ ಕೊರತೆ ಮಾತ್ರ ಕಾಣುತ್ತದೆ.

ಈ ಆಕ್ಷೇಪಗಳಿಗೆ ಒಂದು ಪ್ರಾಮಾಣಿಕ ಉತ್ತರವಿದೆ. ಹೋದವರಿಂದ ಅಲ್ಲಿ ಏನೂ ಬದಲಾಗದಿದ್ದರೂ ಹೋದವರು ಬದಲಾಗುತ್ತಾರೆ, ಬಡತನವನ್ನು ಕಣ್ಣಾರೆ ಕಂಡವರು ಮುಂದೆ ಹೆಚ್ಚು ಕೊಡುತ್ತಾರೆ, ಹೆಚ್ಚು ಪ್ರಾರ್ಥಿಸುತ್ತಾರೆ ಎಂಬುದು ಅದು. ವರ್ ಬೀಕ್ ಅದನ್ನೂ ಪರೀಕ್ಷಿಸಿದರು. ಬದಲಾಗಿದ್ದೇವೆ ಎಂದು ಹೋದವರು ಹೇಳಿಕೊಂಡರು, ಆದರೆ ಅವರ ಕೊಡುಗೆಯ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಒಂದು ಪಕ್ಷ ಕಂಡಿದ್ದರೂ ಇನ್ನೊಬ್ಬರ ಬಡತನವನ್ನು ನಮ್ಮ ಮನಸ್ಸು ತೊಳೆಯುವ ನೀರನ್ನಾಗಿ ಬಳಸುವುದು ನ್ಯಾಯವಲ್ಲ.

ಹಾಗಾದರೆ ಅಲ್ಪಾವಧಿಯ ಪ್ರವಾಸವೆಲ್ಲ ವ್ಯರ್ಥವೇ? ಅಲ್ಲ ಎನ್ನುವುದಕ್ಕೆ ಕೊರಿಯಾದಲ್ಲೇ ಸಾಕ್ಷಿಯಿದೆ. 1885ರ ಏಪ್ರಿಲ್ 5, ಈಸ್ಟರ್ ಹಬ್ಬದ ದಿನ ಅಂಡರ್‌ವುಡ್, ಅಪೆನ್‌ಜೆಲ್ಲರ್ ಎಂಬ ಇಬ್ಬರು ಅಮೆರಿಕನ್ ತರುಣರು ಚೆಮುಲ್ಪೊ ಬಂದರಿನಲ್ಲಿ ಇಳಿದರು. ಇಂದಿನ ಇಂಚಿಯಾನ್ ಅದೇ. ಇಳಿದವರು ಅಲ್ಲೇ ಉಳಿದರು. ಅಂಡರ್‌ವುಡ್ 1890ರಲ್ಲಿ ಕೊರಿಯನ್ ಭಾಷೆಯ ವ್ಯಾಕರಣ, ನಿಘಂಟುಗಳನ್ನು ಪ್ರಕಟಿಸಿದರು. ಅಪೆನ್‌ಜೆಲ್ಲರ್ 1902ರಲ್ಲಿ ಬೈಬಲ್ ಅನುವಾದದ ಸಭೆಗೆ ಹೊರಟ ಹಡಗು ಮುಳುಗಿ ತೀರಿಕೊಂಡರು. ಅದೇ 1890ರಲ್ಲಿ ಚೀನಾದ ಶಾಂಡೊಂಗ್‌ನಿಂದ ಜಾನ್ ನೆವಿಯಸ್ ಎಂಬ ಹಿರಿಯ ಮಿಷನರಿ ಸೋಲ್‌ಗೆ ಬಂದರು. ಇದ್ದದ್ದು ಎರಡೇ ವಾರ. ಕೊರಿಯಾದ ಸಭೆಯನ್ನು ಕೊರಿಯನ್ನರೇ ಸಾಕಬೇಕು, ಅವರೇ ನಡೆಸಬೇಕು, ಅವರೇ ಬೆಳೆಸಬೇಕು ಎಂಬ ಅವರ ಸಲಹೆಯನ್ನು ಅಲ್ಲಿನ ಮಿಷನರಿಗಳು ಒಪ್ಪಿ ಅದರಂತೆ ನಡೆದರು. ಇಂದು ಕೊರಿಯಾ ಜಗತ್ತಿಗೆ ಅತಿ ಹೆಚ್ಚು ಮಿಷನರಿಗಳನ್ನು ಕಳಿಸುವ ದೇಶಗಳಲ್ಲಿ ಒಂದಾಗಿರುವುದರ ಬೇರು ಆ ಎರಡು ವಾರಗಳಲ್ಲೂ ಇದೆ.

ಆ ಎರಡು ವಾರ ಏಕೆ ಫಲಿಸಿದವು? ನೆವಿಯಸ್ ತಾವಾಗಿ ನುಗ್ಗಲಿಲ್ಲ, ಅಲ್ಲಿದ್ದವರು ಕರೆದರು. ಬರುವಾಗ ಅವರ ಹಿಂದೆ ಚೀನಾದ 36 ವರ್ಷಗಳ ಅನುಭವವಿತ್ತು. ಅವರ ಮಾತನ್ನು ತೂಗಿ ನೋಡಿ ಮುಂದುವರಿಸಲು ಅಲ್ಲೇ ನೆಲೆಸಿದವರಿದ್ದರು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಹೇಳಿದ್ದು ಹೊರಗಿನವರು ಹಿಂದೆ ಸರಿಯಬೇಕೆಂಬುದನ್ನು.

ಬಂದು ನೆಲೆಸಿದವರ ಈ ಕಥೆ ಕನ್ನಡದವರಿಗೆ ಪರಕೀಯವಲ್ಲ. 1834ರಲ್ಲಿ ಬಾಸೆಲ್ ಮಿಷನ್ನಿನ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷದ ನಂತರ ಹರ್ಮನ್ ಮೊಗ್ಲಿಂಗ್ ಬಂದು 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು. 1853ರಲ್ಲಿ 21ರ ಹರೆಯದಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ ಅವರ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಸುಮಾರು 70,000 ಪದಗಳು, ನಲವತ್ತೊಂದು ವರ್ಷ. ಇವರನ್ನು ದೇವರ ಮಟ್ಟಕ್ಕೆ ಏರಿಸಬೇಕಿಲ್ಲ. ಅವರೂ ಮತಾಂತರಕ್ಕೆಂದೇ ಬಂದವರು, ನಮ್ಮ ದೇವರುಗಳ ಬಗ್ಗೆ ಕಟುವಾಗಿ ಬರೆದವರು ಅವರಲ್ಲಿದ್ದರು. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕುದಿಯಿತು. ಆದರೆ ಮೊಗ್ಲಿಂಗ್ ಮರುದಿನವೂ ಅದೇ ಊರಲ್ಲಿದ್ದರು. ಸಿಟ್ಟಾದವರ ಮುಖ ಅವರು ನೋಡಲೇಬೇಕಿತ್ತು.

ಕಿಟೆಲ್ ನಿಘಂಟಿನ ಯಾವುದಾದರೂ ಪುಟ ತೆರೆಯಿರಿ. ಒಂದು ಪದದ ಕೆಳಗೆ ಹಳಗನ್ನಡ ಕಾವ್ಯದ ಪ್ರಯೋಗ, ಅದರ ಬೆನ್ನಿಗೆ ಗಾದೆ, ನೆರೆಭಾಷೆಗಳಲ್ಲಿ ಅದರ ದಾಯಾದಿಗಳು. ಇದು ಹೇಳಿ ಹೋಗಲು ಬಂದವನ ಕೆಲಸವಲ್ಲ. ಪಂಡಿತರ ಎದುರು ಕೂತು, ತಪ್ಪು ತಿದ್ದಿಸಿಕೊಂಡು, ಕೇಳಿ ಕೇಳಿ ಕಿವಿ ಪಳಗಿದವನ ಕೆಲಸ. ಸಾಹಿತ್ಯಕ್ಕೆ ಇಷ್ಟೊಂದು ಸಮಯ ಕೊಡುತ್ತಾರೆಂದು ಮಿಷನ್ನಿನೊಳಗೇ ಅವರ ಮೇಲೆ ಅಸಮಾಧಾನವಿತ್ತು. ಅಂದು ಎಷ್ಟು ಜನ ಕೈ ಎತ್ತಿದರು ಎಂದು ಇಂದು ಯಾರೂ ಕೇಳುವುದಿಲ್ಲ. ಆ ನಿಘಂಟನ್ನು ಕನ್ನಡಿಗರು ಇಂದಿಗೂ ತೆರೆಯುತ್ತಾರೆ.

ಈ ಅಳತೆಗೋಲು ಕ್ರೈಸ್ತರಿಗೆ ಮಾತ್ರವಲ್ಲ. ನಲವತ್ತು ದಿನ ಊರೂರು ತಿರುಗುವ ತಬ್ಲೀಗ್ ಜಮಾತಿನವರಿಗೂ, ವಾರದ ಪ್ರವಚನಕ್ಕೆ ವಿದೇಶಕ್ಕೆ ಹಾರುವ ನಮ್ಮ ಗುರುಗಳಿಗೂ, ಶನಿವಾರ ಹಳ್ಳಿಗೆ ಹೋಗಿ ಭಾನುವಾರ ಮರಳುವ ನಗರದ ಸೇವಾ ತಂಡಗಳಿಗೂ ಇದು ಒಂದೇ. ಹೇಳುವ ಆತುರ ಎಲ್ಲ ಮತಗಳಲ್ಲೂ ಇದೆ. ಕೇಳುವ ತಾಳ್ಮೆಗೆ ಎಲ್ಲೆಡೆಯೂ ಬರ.

ಹೊರಡಲು ಅಣಿಯಾಗಿರುವ ಸಭೆಗಳಿಗೆ ನನ್ನ ವಿನಂತಿ ಇಷ್ಟೇ. ಟಿಕೆಟ್ ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ನಮ್ಮನ್ನು ಅಲ್ಲಿನವರು ಕರೆದಿದ್ದಾರೆಯೇ? ನಮ್ಮಲ್ಲಿ ಅವರ ಭಾಷೆ ಬಲ್ಲವರು ಎಷ್ಟು ಜನ? ನಾವು ಹೊರಟುಬಂದ ಮೇಲೆ ನಮ್ಮ ಮಾತಿಗೆ ಅಲ್ಲಿ ಉತ್ತರ ಹೇಳುವವರು ಯಾರು? ಮೂರಕ್ಕೂ ನೆಟ್ಟಗೆ ಉತ್ತರವಿದ್ದರೆ ಧೈರ್ಯವಾಗಿ ಹೋಗಿ, ಹೋದಾಗ ಮೊದಲು ಕೇಳಿ, ಕಲಿಯಿರಿ. ಉತ್ತರವಿಲ್ಲದಿದ್ದರೆ ಕೂಡಿಸಿದ ಹಣವನ್ನು ಅಲ್ಲಿನ ಸಭೆಗೇ ಕಳಿಸಿ, ನೀವು ಊರಲ್ಲೇ ಉಳಿಯಿರಿ. ನಿಮ್ಮ ಭಾಷೆ ಬಲ್ಲ, ನಾಳೆಯೂ ನಾಡಿದ್ದೂ ನಿಮಗೆ ಎದುರಾಗುವ ನೆರೆಯವರು ನಿಮ್ಮ ಬೀದಿಯಲ್ಲೇ ಇದ್ದಾರೆ.